ಪಂಪ್‌ಹೌಸಿನ ಮೇಲಿನ ಪೆಟ್ಟಿಗೆ

ರಾತ್ರಿ ಬಹಳ ಹೊತ್ತಾದ ಮೇಲೆ ಹೊರಗೆ ‘ಟಿಕ್’ ಎಂದಿತು. ಹಲ್ಲಿಯಲ್ಲ, ಬಾಗಿಲಿನ ಚಿಲಕವೂ ಅಲ್ಲ. ಮಲಗುವ ಮುಂಚೆ ಎರಡನ್ನೂ ನಾನು ನೋಡಿಯೇ ಇರುತ್ತೇನೆ. ಅದು ಮನೆಯೆದುರಿನ ಹುಣಸೆಮರದ ಪಕ್ಕದ ಕಂಬದ ಮೇಲಿನ ಪೆಟ್ಟಿಗೆ ಎಚ್ಚರಗೊಂಡ ಸದ್ದು. ಪೆಟ್ಟಿಗೆ ಎಚ್ಚರಗೊಂಡಿದೆ ಎಂದರೆ ಅದರ ಕೆಳಗೆ ಯಾರೋ ಮಾತಾಡುತ್ತಿದ್ದಾರೆ. ಈ ಹೊತ್ತಿನಲ್ಲಿ ಯಾರು? ಯಾರಿಗಾದರೂ ಏನಾದರೂ ಆಗಿದೆಯೇ? ಕಳ್ಳರಾಗಿದ್ದರೆ ಕಂಬದ ಕೆಳಗೇ ನಿಂತು ಏಕೆ ಮಾತಾಡುತ್ತಾರೆ? ಇಷ್ಟನ್ನೂ ಯೋಚಿಸಿ ಮುಗಿಸುವ ಹೊತ್ತಿಗೆ ನಾನು ಕಿಟಕಿಯ ಹತ್ತಿರ ಬಂದಿದ್ದೆ.

ಕೆಳಗೆ ಗಸ್ತಿನ ಪೀರ್‌ಸಾಬರು ಕೋಲು ಊರಿಕೊಂಡು ನಿಂತಿದ್ದರು. ಅವರ ಪಕ್ಕದಲ್ಲಿ ಜಯಶೀಲ, ಕೈಯಲ್ಲಿ ಫೋನು.

“ಆಮೇಲೆ ಏನಾಯ್ತು ಹೇಳಿ ಸಾಬ್ರೇ, ನಿಲ್ಲಿಸಬೇಡಿ,” ಎನ್ನುತ್ತಿದ್ದಳು.

“ಆಮೇಲೇನಮ್ಮ, ಆ ಮೇಕೆ ನನ್ನ ಟೋಪೀನೇ ತಿಂದ್ಬಿಡ್ತು.”

ನಮ್ಮೂರಿನ ನೆಟ್‌ವರ್ಕು ಹಾಗೆ. ಗುಡ್ಡಗಳ ಆಚೆಯ ಟವರು ನಮಗೆ ಎಟುಕುವುದಿಲ್ಲ. ತಂತಿಯಲ್ಲಿ ಬರುವ ಸಂಪರ್ಕ ನಾನು ನೋಡಿಕೊಳ್ಳುವ ಗ್ರಂಥಾಲಯಕ್ಕೆ ಮಾತ್ರ ಇದೆ. ಅಲ್ಲಿಂದ ಹೊರಗೆ ಅದನ್ನು ದಾಟಿಸಲು ಹುಣಸೆಮರದ ಕಂಬಕ್ಕೊಂದು, ಹಿಟ್ಟಿನ ಗಿರಣಿಯ ಗೋಡೆಗೊಂದು ಆಕ್ಸೆಸ್ ಪಾಯಿಂಟು ಹಾಕಿಸಿದ್ದೇವೆ. ಊರವರ ಬಾಯಲ್ಲಿ ಅವು ಬರೀ ಪೆಟ್ಟಿಗೆಗಳು. ಗ್ರಂಥಾಲಯದೊಳಗಿನ ಯಂತ್ರಕ್ಕೆ ಮೌನವಾದರೂ ಆಗುತ್ತದೆ. ಬಯಲಿನ ಪೆಟ್ಟಿಗೆಗಳಿಗೆ ಮಾತ್ರ ಕೆಳಗೆ ಇಬ್ಬರಾದರೂ ಕೂತು ಮಾತಾಡುತ್ತಿರಬೇಕು. ಮಾತಿದ್ದಷ್ಟು ಹೊತ್ತು ನೀಲಿ ದೀಪ ಉರಿಯುತ್ತದೆ, ನೆಟ್‌ವರ್ಕು ಮುಂದಕ್ಕೆ ಹೋಗುತ್ತದೆ. ಮಾತು ಸೊರಗಿದರೆ ದೀಪ ಹಳದಿ. ನಿಂತರೆ ಪೆಟ್ಟಿಗೆಗೆ ನಿದ್ದೆ.

ಅದಕ್ಕೆ ಕಟ್ಟಿದ ಮಾತು ಆಗುವುದಿಲ್ಲ, ತಾನಾಗಿ ಬಂದ ಮಾತೇ ಬೇಕು ಎಂಬುದು ಮೊದಲ ದಿನವೇ ಗೊತ್ತಾಗಿತ್ತು. ಉದ್ಘಾಟನೆಗೆ ಬಂದ ಪಂಚಾಯಿತಿ ಅಧ್ಯಕ್ಷರು ಭಾಷಣ ಓದಲು ಶುರು ಮಾಡಿದೊಡನೆ ದೀಪ ಆರಿಹೋಯಿತು. ಗಾಬರಿಯಲ್ಲಿ ಅವರು ಪಕ್ಕದವರ ಕಡೆ ತಿರುಗಿ, “ಲೋ, ನನ್ನ ಚಪ್ಪಲಿ ಯಾರೋ ಮೆಟ್ಕೊಂಡು ಹೋದ್ರು ಕಣೋ,” ಎಂದಾಗ ನೀಲಿಯಾಗಿ ಹೊತ್ತಿಕೊಂಡಿತು. ಯಾರೋ ಜಾಣರು ಕಂಬಕ್ಕೆ ರೇಡಿಯೋ ಕಟ್ಟಿ ನೋಡಿದರು, ಪೆಟ್ಟಿಗೆ ಮೋಸಹೋಗಲಿಲ್ಲ. ಆಮೇಲಾಮೇಲೆ ಜನ ಹೊಂದಿಕೊಂಡರು. ಕ್ಷೌರದ ಅಂಗಡಿ ಹುಣಸೆಮರದ ಕೆಳಕ್ಕೆ ಬಂತು. ಗಿರಣಿಯಲ್ಲಿ ಸರದಿ ಕಾಯುವವರು ಹಿಟ್ಟು ಸಿಕ್ಕ ಮೇಲೂ ಒಂದಿಷ್ಟು ಹೊತ್ತು ಕೂತು ಹೋಗುವುದು ಮರ್ಯಾದೆ ಎನಿಸಿಕೊಂಡಿತು. ಬಾಯಿ ಜೋರಿರುವ ಸೊಸೆ ಬಂದರೆ ಅತ್ತೆಯರು ಹೆಮ್ಮೆಪಡುವಂತಾಯಿತು.

ಇದರಲ್ಲಿ ಕೈಲಾಗದವಳು ನಾನೊಬ್ಬಳೇ. ಪೆಟ್ಟಿಗೆಗಳನ್ನು ಆರಿಸಿ ತರಿಸಿದವಳು ನಾನು. ಎಷ್ಟು ಎತ್ತರದಲ್ಲಿರಬೇಕು, ಯಾವ ಕೊಂಬೆ ಅಡ್ಡ ಬರುತ್ತದೆ ಎಂದು ಲೆಕ್ಕ ಹಾಕಿದವಳೂ ನಾನೇ. ಆದರೆ ನಾನು ಹೋಗಿ ಕೆಳಗೆ ನಿಂತು ಮಾತಾಡಿದರೆ ದೀಪ ಹಳದಿಗಿಂತ ಮೇಲೇರುವುದಿಲ್ಲ. ಆಡುವ ಪ್ರತಿ ವಾಕ್ಯವನ್ನೂ ಮೊದಲು ಮನಸ್ಸಿನಲ್ಲಿ ಕಟ್ಟಿ, ಯಾರಿಗಾದರೂ ನೋವಾದೀತೇ ಎಂದು ತಿರುಗಿಸಿ ನೋಡಿ, ಆಮೇಲೆ ಬಾಯಿ ತೆರೆಯುವುದು ನನ್ನ ಅಭ್ಯಾಸ. ಅಷ್ಟು ಹೊತ್ತು ಪೆಟ್ಟಿಗೆ ಕಾಯುವುದಿಲ್ಲ. “ಇಂದುಮತಿ ಮೇಡಮ್ಮು ಬಂದ್ರು, ಎಲ್ಲಾ ಡೌನ್‌ಲೋಡ್ ಮುಗಿಸ್ಕೊಳ್ರಪ್ಪೋ,” ಎಂದು ಕ್ಷೌರದಂಗಡಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಕೊಂಚ ತಡವಾಗಿ.

ಶಾಲು ಹೊದ್ದು ಕೆಳಗಿಳಿದೆ. ಜಯಶೀಲ ನನ್ನೊಂದಿಗೆ ಹೈಸ್ಕೂಲು ಓದಿದವಳು, ಊರಾಚೆ ದಿಬ್ಬದ ಮೇಲೆ ರೇಷ್ಮೆ ಹುಳು ಸಾಕುತ್ತಾಳೆ. ಗಿರಣಿಯ ಪೆಟ್ಟಿಗೆಯ ನೆಟ್‌ವರ್ಕು ಅಲ್ಲಿಯವರೆಗೆ ಮುಟ್ಟುವುದಿಲ್ಲ. ಅವಳ ಹುಳುಗಳು ಕಡೆಯ ಜ್ವರ ಬಿಟ್ಟು, ಅಂದರೆ ಕೊನೆಯ ಸಲ ಪೊರೆ ಕಳಚಿ ಎದ್ದು, ಹಗಲು ರಾತ್ರಿ ಸೊಪ್ಪು ಮೇಯುವ ಹಂತದಲ್ಲಿದ್ದವು. ಆ ಸಂಜೆ ಕೆಲವು ಹುಳುಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಬಂದು ಸುಮ್ಮನೆ ಸುತ್ತುತ್ತಿದ್ದುದನ್ನು ಅವಳು ಕಂಡಿದ್ದಳು. ಚಿತ್ರ ತೆಗೆದು, ದೂರದ ನಗರದಲ್ಲಿರುವ ರೇಷ್ಮೆ ತಜ್ಞೆಯೊಬ್ಬರಿಗೆ ಕಳಿಸಿದ್ದಳು. ಉತ್ತರ ಬಂದಿದೆಯೇ ಎಂದು ನೋಡಲು ಈಗ ಪೀರ್‌ಸಾಬರನ್ನು ಮಾತಿಗೆಳೆದು ಪೆಟ್ಟಿಗೆ ಎಬ್ಬಿಸಿದ್ದಳು.

“ಬಂದಿದೆ ಇಂದೂ. ಫೋಟೋದಲ್ಲಿ ಗೊತ್ತಾಗಲ್ವಂತೆ. ಬೆಳಿಗ್ಗೆ ವಿಡಿಯೋದಲ್ಲಿ ಹುಳ ತೋರಿಸು, ಮನೆ ತೋರಿಸು, ಗಾಳಿ ಎಲ್ಲಿಂದ ಬರುತ್ತೆ ತೋರಿಸು ಅಂತಿದಾರೆ. ಆಮೇಲೆ ಅವರು ಊರಲ್ಲಿರಲ್ವಂತೆ.”

“ಹುಳುಗಳನ್ನು ಗ್ರಂಥಾಲಯಕ್ಕೆ ತಂದರೆ?” ಎಂದೆ. ಹೇಳುವಾಗಲೇ ಅದು ತಪ್ಪೆಂದು ಗೊತ್ತಿತ್ತು.

“ಮನೇನೂ ಹೊತ್ಕೊಂಡು ಬರಲಾ?” ಎಂದಳು. “ಹಿಂದಿನ ಬೆಳೇನೂ ಹೀಗೇ ಹೋಯ್ತು. ಇದೂ ಹೋದ್ರೆ ಹುಳದ ಮನೆ ಕೆಡವಿ ಸಿಮೆಂಟ್ ಗೋಡೌನ್ ಕಟ್ಟಿಸ್ತೀನಿ ಅಂತ ನಮ್ಮಣ್ಣ ನಾಗಭೂಷಣ ಹೇಳ್ಬಿಟ್ಟಿದಾನೆ. ಜಾಗ ಅವನದು. ನಾನು ಗೋಡೌನಲ್ಲಿ ಮೂಟೆ ಎಣಿಸ್ಕೊಂಡಿರ್ಬೇಕು.”

ಮೇಲೆ ನೋಡಿದೆ. ದೀಪ ಉಜ್ವಲ ನೀಲಿಯಾಗಿತ್ತು. ನನ್ನ ಮಾತಿನಿಂದಲ್ಲ, ಅವಳ ಮಾತಿನಿಂದ.

ಗ್ರಂಥಾಲಯದ ಬೀರುವಿನಲ್ಲಿ ಇನ್ನೊಂದು ಪೆಟ್ಟಿಗೆ ಇತ್ತು. ಇರುವವುಗಳಿಗೆ ಸಿಡಿಲು ಬಡಿದರೆ ಬೇಕಾಗುತ್ತದೆ ಎಂದು ನಾನು ಯಾರಿಗೂ ಹೇಳದೆ ಎತ್ತಿಟ್ಟಿದ್ದೆ. ಗಿರಣಿಗೂ ದಿಬ್ಬಕ್ಕೂ ನಡುವೆ ಹಳೆಯ ಪಂಪ್‌ಹೌಸು ಇದೆ. ಅದರ ತಾರಸಿಯಿಂದ ಗಿರಣಿಯ ಗೋಡೆಯೂ ಕಾಣುತ್ತದೆ, ಹುಳದ ಮನೆಯ ಕಿಟಕಿಯೂ ಕಾಣುತ್ತದೆ.

ಬೆಳಕು ಹರಿಯುತ್ತಲೇ ಏಣಿ ಹೊತ್ತುಕೊಂಡು ಹೋದೆವು. ಪೀರ್‌ಸಾಬರು ಏಣಿ ಹಿಡಿದರು, ನಾನು ಹತ್ತಿದೆ.

“ಮೇಡಮ್ಮೋರೆ, ಬಿದ್ದೀರ!”

“ಬೀಳುವುದಿಲ್ಲ,” ಎಂದೆ. ಆಮೇಲೆ, “ಬಿದ್ದರೂ ಬೀಳಬಹುದು, ಗಟ್ಟಿಯಾಗಿ ಹಿಡಿದುಕೊಳ್ಳಿ,” ಎಂದೆ.

ಮಳೆ ನೀರು ಒಳಗಿಳಿಯದಂತೆ ತಂತಿಯ ಬಾಯಿ ಕೆಳಮುಖವಾಗಿಸಿ ಪೆಟ್ಟಿಗೆಯನ್ನು ಬಿಗಿದೆ, ಪಂಪಿನ ಬೋರ್ಡಿನಿಂದ ಕರೆಂಟು ಕೊಟ್ಟೆ, ಅಡ್ಡ ಬರುತ್ತಿದ್ದ ಬೇವಿನ ಕೊಂಬೆಯೊಂದನ್ನು ಕಡಿಸಿದೆ. ಎಲ್ಲ ಸರಿಯಾಗಿತ್ತು. ಇಬ್ಬರು ಮಾತುಗಾರರು ಮಾತ್ರ ಬೇಕಾಗಿತ್ತು. ಪಂಪ್‌ಹೌಸಿನ ಕಡೆ ಯಾರೂ ಸುಳಿಯುವುದಿಲ್ಲ. ಹುಣಸೆಮರವನ್ನು ಕ್ಷೌರದಂಗಡಿ ನೋಡಿಕೊಳ್ಳುತ್ತಿತ್ತು. ಗಿರಣಿಯ ಸರದಿಯವರು ಆ ದಿನ ಜಾಗ ಬಿಟ್ಟೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಇಲ್ಲಿಗೆ ಯಾರು ಎಂದು ಕೇಳಿದಾಗ ಇಡೀ ಸರದಿ ಒಂದೇ ಬಾಯಲ್ಲಿ ಹೇಳಿತ್ತು: “ದೇವೀರಮ್ಮ, ಚಲುವಾಜಮ್ಮ.”

ದೇವೀರಮ್ಮ ಅತ್ತಿಗೆ, ಚಲುವಾಜಮ್ಮ ನಾದಿನಿ. ಒಂದೇ ಗೋಡೆಯ ಎರಡು ಬದಿಯಲ್ಲಿ ಇಬ್ಬರ ವಾಸ. ಗೋಡೆಯ ಮೇಲೆ ವಾಲಿರುವ ನುಗ್ಗೆಮರದ ಕಾಯಿ ಯಾರಿಗೆ ಸೇರಿದ್ದು ಎಂಬುದರ ಮೇಲೆ ದಿನಾ ಜಗಳ. ಅದು ಗಿರಣಿಯ ಮುಂದೆ ಶುರುವಾದರೆ ಆಚೆ ಬೀದಿಯವರು ಪೂರ್ತಿ ಸಿನಿಮಾ ಇಳಿಸಿಕೊಳ್ಳುತ್ತಿದ್ದರು. ಅವರಿಗಿಂತ ಗಟ್ಟಿಯಾದ ಜೋಡಿ ಊರಲ್ಲಿರಲಿಲ್ಲ. ಅಲ್ಲದೆ ದೇವೀರಮ್ಮನ ಕಿವಿಗೆ ಬಿದ್ದ ಸುದ್ದಿ ಸಂಜೆಯವರೆಗೆ ಅವರ ಹೊಟ್ಟೆಯಲ್ಲಿ ಉಳಿದ ಉದಾಹರಣೆಯೇ ಇಲ್ಲ. ಅಂಥವರ ಬಾಯಿಗೆ ದಣಿವು ಎಲ್ಲಿಂದ ಬರಬೇಕು?

ಹೊತ್ತಿಗೆ ಸರಿಯಾಗಿ ಅವರು ಬಂದರು. ಇಬ್ಬರೂ ಮದುವೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಒಂದೇ ಕೊಡೆಯ ಕೆಳಗೆ ಬರುತ್ತಿದ್ದರು.

“ಕೂತ್ಕೋ ಚಲುವಾಜಿ, ನೆರಳಲ್ಲಿ ಕೂತ್ಕೋ.”

“ನೀವು ಮೊದ್ಲು ಕೂತ್ಕಳಿ ಅತ್ಗೆ. ದೊಡ್ಡೋರು.”

ಮೇಲಿನ ದೀಪ ನೀಲಿಗೆ ಬಂದು, ಅನುಮಾನಿಸಿ, ಹಳದಿಗೆ ತಿರುಗಿತು.

ದಿಬ್ಬದ ಮೇಲಿಂದ ಜಯಶೀಲ ಕೂಗಿದಳು. “ಡಾಕ್ಟ್ರು ಬಂದ್ರು! ಕಾಣಿಸ್ತಿದಾರೆ! ಅಯ್ಯೋ, ನಿಂತೋಯ್ತು, ಮುಖ ಹಾಗೇ ನಿಂತೋಯ್ತು!”

“ಮಾತಾಡಿ,” ಎಂದೆ ಇವರಿಗೆ.

“ಮಾತಾಡ್ತಾನೇ ಇದೀವಲ್ಲವ್ವ,” ಎಂದರು ದೇವೀರಮ್ಮ. “ಚಲುವಾಜಿ, ಊಟ ಆಯ್ತಾ?”

“ಆಯ್ತು ಅತ್ಗೆ. ನಿಮ್ದು?”

“ನಮ್ದೂ ಆಯ್ತು.”

ದೀಪ ಆರಿತು.

“ಹೀಗಲ್ಲ,” ಎಂದೆ. “ದಿನಾ ಮಾತಾಡುವ ಹಾಗೆ. ಅದೇ... ಆ ನುಗ್ಗೆಮರದ ವಿಷಯ.”

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಚಲುವಾಜಮ್ಮ ಸೆರಗು ಸರಿಪಡಿಸಿಕೊಂಡರು. “ಇವತ್ತು ಜಗಳ ಗಿಗಳ ಇಲ್ಲ ಕಣ್ ಮೇಡಮ್ಮೋರೆ. ಗಿರಣೀಲಿ ಎಲ್ಲಾರೂ ಕೈ ಮುಗ್ದು ಹೇಳವ್ರೆ. ದೊಡ್ಡೂರಿನ ಡಾಕ್ಟ್ರಮ್ಮ ಕೇಳಿಸ್ಕತಾಳೆ, ಊರ ಮಾನ ಕಳೀಬ್ಯಾಡಿ ಅಂತ. ಅದಕ್ಕೇ ಇಬ್ರೂ ಕೈ ಮ್ಯಾಲೆ ಕೈ ಇಟ್ಟು ಮಾತು ಕೊಟ್ಕಂಡಿದೀವಿ.”

“ನುಗ್ಗೇಕಾಯಿ ಅವಳೇ ಕುಯ್ಕಳ್ಳಿ,” ಎಂದರು ದೇವೀರಮ್ಮ ಉದಾರವಾಗಿ.

“ಬ್ಯಾಡ ಬ್ಯಾಡ, ಅತ್ಗೆ ಸಾರಿಗಾಗ್ಲಿ.”

ಊರಿಗೆ ಊರೇ ಒಳ್ಳೆಯದು ಬಯಸಿ ಈ ಕೆಲಸ ಮಾಡಿಟ್ಟಿತ್ತು. ನಾನು ಸುತ್ತ ನೋಡಿದೆ. ರಾತ್ರಿಯಿಡೀ ಎದ್ದಿದ್ದ ಪೀರ್‌ಸಾಬರು ಏಣಿಗೊರಗಿ ಗೊರಕೆ ಹೊಡೆಯುತ್ತಿದ್ದರು. ಗಿರಣಿಯವರನ್ನು ಕರೆದರೆ ಗಿರಣಿಯ ಪೆಟ್ಟಿಗೆ ಮಲಗುತ್ತದೆ. ಮೇಲೆ ಜಯಶೀಲ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದಳು. “ಇಂದೂ! ಸ್ವಲ್ಪ ಹೊತ್ತೇ ಕಾಯ್ತೀನಿ ಅಂತ ಮೊದ್ಲೇ ಹೇಳಿದಾರೆ, ಆಮೇಲೆ ಹೊರಟ್ಬಿಡ್ತಾರೆ! ಏನಾದ್ರೂ ಮಾಡೇ!” ಅವಳ ಹಿಂದೆ, ಬಾಗಿಲಲ್ಲಿ, ನಾಗಭೂಷಣ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಗೋಡೆಗಳನ್ನು ಅಳೆಯುವವನ ಹಾಗೆ ನೋಡುತ್ತಿದ್ದ.

ನಾನು ಇವರೆದುರು ಕೂತೆ. ಒಂದು ಒಳ್ಳೆಯ ವಾಕ್ಯ ಕಟ್ಟಿಕೊಂಡೆ. “ನೋಡಿ, ನಿಮ್ಮಿಬ್ಬರ ನಡುವಿನ ಭಿನ್ನಾಭಿಪ್ರಾಯಗಳನ್ನು ಸ್ವಲ್ಪ ಹೊತ್ತಿನ ಮಟ್ಟಿಗಾದರೂ...”

ಪೆಟ್ಟಿಗೆ ಕದಲಲಿಲ್ಲ. ದೇವೀರಮ್ಮ ಸಣ್ಣಗೆ ಆಕಳಿಸಿದರು. ಎಲೆಯಡಿಕೆಯ ಚೀಲ ಬಿಚ್ಚಿ, ಒಂದು ಎಲೆ ಆರಿಸಿ, ನಿಧಾನವಾಗಿ ಅದರ ತೊಟ್ಟು ಮುರಿದರು. ತೊಟ್ಟು ಮುರಿದ ಆ ನಿಧಾನ ನನಗೆ ಏನು ಮಾಡಿತೋ ಗೊತ್ತಿಲ್ಲ.

“ಥೂ ನಿಮ್ಮ!” ಎಂದೆ.

ಟಿಕ್ ಎಂದಿತು ಮೇಲೆ.

“ತೂತು ಬಿದ್ದ ಮೊರಗಳ ಹಾಗೆ ವರ್ಷವೆಲ್ಲ ಬಡ್ಕೊಂಡು ಊರ ಕಿವಿ ಹರೀತೀರಿ, ಇವತ್ತು ಒಂದು ದಿನ ಬೇಕು ಅಂದಾಗ ಬಾಯಿಗೆ ಬೀಗ ಜಡ್ಕೊಂಡು ಬಂದಿದೀರ? ರೇಷ್ಮೆ ಸೀರೆ ಬೇರೆ! ಆ ಹುಳುಗಳು ಅಲ್ಲಿ ಸಾಯ್ತಿವೆ, ನೀವು ಇಲ್ಲಿ ಅವುಗಳ ತಾತನ್ನ ಸುತ್ಕೊಂಡು ಕೂತಿದೀರ!”

ದೇವೀರಮ್ಮನ ಕೈಯಿಂದ ಎಲೆ ಜಾರಿತು. “ಏನಂದೆ?”

“ಮೊರ ಅಂದೆ!”

“ಯಾರ್ನ?” ಎಂದು ಎದ್ದು ನಿಂತವರು ಚಲುವಾಜಮ್ಮ. “ನಮ್ಮತ್ಗೇನ ಮೊರ ಅಂತೀಯ? ಅವಳ್ನ ಅನ್ನಕ್ಕೆ ನಾನಿದೀನಿ ಕಣಮ್ಮಿ, ನೀನ್ಯಾವಳು?”

“ಬುಡೇ ಚಲುವಾಜಿ, ನಾನು ಕೇಳ್ತೀನಿ,” ದೇವೀರಮ್ಮನೂ ಎದ್ದರು. “ಓದ್ದೋಳು ಅಂತ ಸುಮ್ಕಿದ್ರೆ! ಹಗಲೂ ರಾತ್ರಿ ಕಿಟಕೀಲಿ ಇಣುಕೋ ಹಲ್ಲಿ! ಮೋಡ ಇಲ್ದೆ ಇರೋ ದಿನಾನೂ ಕೊಡೆ ಹಿಡ್ಕಂಡು ಓಡಾಡ್ತೀಯ, ಆಕಾಶ ನಿನ್ ತಲೆ ಮ್ಯಾಲೇ ಬೀಳ್ತದೆ ಅಂತ ಯಾವೋನು ಹೇಳಿದ್ದು?”

“ಮಳೆ ಬಂದಾಗ ನನ್ನ ಕೊಡೆಯೊಳಗೆ ನುಗ್ಗೋರು ಯಾರು? ನೀವು!”

“ಬೀಗ ಹಾಕಿ ಜಗ್ಗಿ ನೋಡ್ತಾಳೆ, ತಿರುವಿನಗಂಟ ಹೋಗಿ ವಾಪಸ್ ಬಂದು ಇನ್ನೊಂದ್ಸಲ ಜಗ್ತಾಳೆ,” ಎಂದು ಚಲುವಾಜಮ್ಮ ನನ್ನ ನಡಿಗೆಯನ್ನೇ ಅಣಕಿಸಿ ತೋರಿಸಿದರು. “ಅದರೊಳಗೆ ಇರೋದೇನು? ಪುಸ್ತಕ! ಯಾವ ಕಳ್ಳ ಓದಕ್ಕೆ ಬತ್ತನಮ್ಮಿ?”

“ನೀವು ಗೋಡೆಗೆ ಕಿವಿ ಹಚ್ಚಿ ನಿಲ್ಲೋದು ನನಗೆ ಕಾಣೋದಿಲ್ಲ ಅಂದ್ಕೊಂಡಿದೀರ? ಗೋಡೆಯ ಸುಣ್ಣ ನಿಮ್ಮ ಕಿವಿಯಲ್ಲೇ ಇರುತ್ತೆ!”

“ಗೋಡೆಗೆ ಕಿವಿ ಹಚ್ತೀಯೇನೇ?” ದೇವೀರಮ್ಮ ಥಟ್ಟನೆ ನಾದಿನಿಯ ಕಡೆ ತಿರುಗಿದರು. “ಅದಕ್ಕೇ ನಾನು ಸಾರಿಗೆ ಏನಾಕಿದೀನಿ ಅಂತ ಊರಿಗೆಲ್ಲ ಗೊತ್ತಾಗೋದು!”

“ಸಾರು ಅಂತ ಬೇರೆ ಕರೀಬೇಕಾ ಅದನ್ನ? ಮೂರು ಮನೆ ಆಚೆಗೆ ವಾಸ್ನೆ ಬತ್ತದೆ, ಕಿವಿ ಯಾಕ್ ಬೇಕು?”

“ನನ್ ನುಗ್ಗೇಕಾಯಿ ಕದ್ದು ನೀನ್ ಮಾಡೋ ಸಾರಿಗಿಂತ ವಾಸಿ!”

“ಯಾರ್ ನುಗ್ಗೇಕಾಯಿ?”

ಕೈ ಮೇಲೆ ಕೈ ಇಟ್ಟು ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಮೂವರೂ ನಿಂತಿದ್ದೆವು, ಮೂವರೂ ಒಟ್ಟಿಗೇ ಕೂಗುತ್ತಿದ್ದೆವು. ಯಾರು ಯಾರ ಪರ ಎಂಬುದು ಮಾತುಮಾತಿಗೂ ಬದಲಾಗುತ್ತಿತ್ತು. ನಾನು ಒಮ್ಮೆ ಮೇಲೆ ನೋಡಿದೆ. ದೀಪ ನಾನು ಯಾವತ್ತೂ ಕಾಣದ ನೀಲಿಯಾಗಿತ್ತು. ಆ ಬಿಸಿಲಲ್ಲೂ ಅದರ ಬೆಳಕು ದೇವೀರಮ್ಮನ ಮೂಗುಬೊಟ್ಟಿನಲ್ಲಿ ಹೊಳೆಯುತ್ತಿತ್ತು. ದಿಬ್ಬದ ಮೇಲೆ ಜಯಶೀಲ ಕಿಟಕಿಯಿಂದ ಒಳಗೆ ಹೋಗಿದ್ದಳು. ಅದು ಒಳ್ಳೆಯ ಲಕ್ಷಣ. ನಿಲ್ಲಿಸಬಾರದು ಎಂದುಕೊಂಡೆ. ಹಾಗೆ ಅಂದುಕೊಂಡದ್ದೇ ತಡ, ಮುಂದಿನ ವಾಕ್ಯ ಮನಸ್ಸಿನಲ್ಲಿ ತಾನಾಗಿ ಕಟ್ಟಿಕೊಳ್ಳತೊಡಗಿತು, ದೀಪ ಒಂದು ಗಳಿಗೆ ಹಳದಿಗೆ ವಾಲಿತು. ಹೆದರಿಕೆಯಲ್ಲಿ ಬಾಯಿಗೆ ಬಂದುದನ್ನು ಬಿಟ್ಟೆ.

ಆ ಮಾತನ್ನು ಇಲ್ಲಿ ಬರೆಯಲಾರೆ. ನನ್ನಜ್ಜಿ ಸೌತೆಬಳ್ಳಿಗೆ ನುಗ್ಗಿದ ಎಮ್ಮೆಗೆ ಬಯ್ಯುತ್ತಿದ್ದ ಮಾತು ಅದು. ನನಗೆ ಅದು ನೆನಪಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅದನ್ನು ನಾನು ಇಬ್ಬರಿಗೂ ಸೇರಿಸಿ, ಅವರ ಇಡೀ ವಂಶಕ್ಕೆ ಅನ್ವಯಿಸಿ, ಗಟ್ಟಿಯಾಗಿ ಅಂದೆ.

ಪೀರ್‌ಸಾಬರು ಎಚ್ಚರಗೊಂಡು, “ಯಾ ಅಲ್ಲಾ,” ಎಂದು, ಮರ್ಯಾದಸ್ಥರಾಗಿ ಮತ್ತೆ ಕಣ್ಣು ಮುಚ್ಚಿದರು.

ದೇವೀರಮ್ಮ ಬಾಯಿ ತೆರೆದು ನಿಂತರು. ಚಲುವಾಜಮ್ಮನ ಕೈ ಗಾಳಿಯಲ್ಲಿ ನಿಂತಿತು. ಎಲ್ಲ ಮುಗಿಯಿತು, ಇನ್ನು ಈ ಊರಲ್ಲಿ ತಲೆಯೆತ್ತಿ ನಡೆಯುವಂತಿಲ್ಲ, ಗ್ರಂಥಾಲಯಕ್ಕೆ ಬೀಗ ಹಾಕಿ ಎಲ್ಲಿಗಾದರೂ ಹೋಗಬೇಕು ಎಂದು ನಾನು ಲೆಕ್ಕ ಹಾಕುತ್ತಿರುವಾಗ ದೇವೀರಮ್ಮನ ಹೊಟ್ಟೆ ಅಲುಗಿತು. ಮೊದಲು ಹೊಟ್ಟೆ, ಆಮೇಲೆ ಭುಜ, ಆಮೇಲೆ ಮೂಗುಬೊಟ್ಟು. ನಗು ತಡೆಯಲಾರದೆ ಅವರು ನಾದಿನಿಯ ಹೆಗಲು ಹಿಡಿದುಕೊಂಡರು.

“ಇನ್ನೊಂದ್ಸಲ ಅನ್ನವ್ವ,” ಎಂದರು ಕಣ್ಣೊರೆಸಿಕೊಳ್ಳುತ್ತ. “ನಮ್ಮತ್ತೆ ಸತ್ಮೇಲೆ ಇಂಥ ಮಾತು ಕೇಳೇ ಇರ್ಲಿಲ್ಲ.”

ಆಮೇಲೆ ಬಂದದ್ದೂ ಮಾತೇ. ಅವರ ಅತ್ತೆ ಏನೇನು ಬಯ್ಯುತ್ತಿದ್ದರು, ನನ್ನಜ್ಜಿ ಏನೇನು ಬಯ್ಯುತ್ತಿದ್ದಳು, ಯಾವುದು ಯಾವುದಕ್ಕಿಂತ ಮೇಲು ಎಂದು ಕೂತು ತೂಗಿ ನೋಡಿದೆವು. ನಾನು ಯಾವ ವಾಕ್ಯವನ್ನೂ ಮುಂಚೆ ಕಟ್ಟಲಿಲ್ಲ. ದೀಪ ಒಮ್ಮೆಯೂ ಮಂಕಾಗಲಿಲ್ಲ.

ಬಿಸಿಲು ನೆತ್ತಿಗೆ ಬರುವ ಮುಂಚೆ ಜಯಶೀಲ ದಿಬ್ಬ ಇಳಿದು ಓಡಿ ಬಂದಳು, ಕೈಯೆಲ್ಲ ಸುಣ್ಣದ ಪುಡಿ. ಹಾಲು ರೋಗವಂತೆ, ಆದರೆ ಮೂಲೆಯ ಕೆಳಗಿನ ತಟ್ಟೆಗಳಲ್ಲಿ ಮಾತ್ರವಂತೆ. ಅವುಗಳನ್ನು ತೆಗೆದು ದೂರ ಹೂಳಬೇಕು, ಉಳಿದವಕ್ಕೆ ಸುಣ್ಣ ಉದುರಿಸಬೇಕು, ಪಡುವಣ ಕಿಟಕಿ ತೆರೆಯಬೇಕು, ಒದ್ದೆ ಸೊಪ್ಪು ಹಾಕಲೇಬಾರದು. ಮಿಕ್ಕ ಹುಳುಗಳು ಗಟ್ಟಿಯಾಗಿವೆ, ಬೆಳೆ ಕೈಗೆ ಬರುತ್ತದೆ ಎಂದು ತಜ್ಞೆ ನಾಗಭೂಷಣನಿಗೇ ಮುಖ ಕೊಟ್ಟು ಹೇಳಿದರಂತೆ.

“ಅವರಿಗೆ ನಮ್ಮ ಗಲಾಟೆ ಕೇಳಿಸಿತೇ?” ಎಂದೆ.

“ಸದ್ದು ಕೇಳಿಸ್ತು, ಮಾತು ತಿಳೀಲಿಲ್ಲ. ಅಲ್ಲೇನಮ್ಮ ಅದು ಅಂದ್ರು. ಏನಿಲ್ಲ ಮೇಡಂ, ನಮ್ಮೂರ ನೆಟ್‌ವರ್ಕು ಅಂದೆ.”

ಹುಳುಗಳು ಹಣ್ಣಾಗಿ ಬಿದಿರಿನ ಚಂದ್ರಿಕೆಗಳಿಗೆ ಹತ್ತಿ ಗೂಡು ಕಟ್ಟಿದವು. ಅಷ್ಟು ದಿನವೂ ನಾನು ಕಾಯುತ್ತಿದ್ದೆ. ಬೀದಿಯಲ್ಲಿ ಯಾರಾದರೂ ನಕ್ಕರೆ, ಗೊತ್ತಾಯಿತು ಎಂದುಕೊಳ್ಳುತ್ತಿದ್ದೆ. ಗ್ರಂಥಾಲಯಕ್ಕೆ ಬಂದವರು ಎಂದಿನಂತೆ ಪುಸ್ತಕ ಕೇಳಿದರೆ, ಇನ್ನೂ ಗೊತ್ತಾಗಿಲ್ಲ, ನಾಳೆ ಗೊತ್ತಾಗುತ್ತದೆ ಎಂದುಕೊಳ್ಳುತ್ತಿದ್ದೆ.

ಗೂಡು ಬಿಡಿಸಿದ ದಿನ ಸಂಜೆ ಜಯಶೀಲ ಹುಣಸೆಮರದ ಕೆಳಗೆ ಎಲ್ಲರಿಗೂ ಕಜ್ಜಾಯ ಹಂಚಿದಳು. ನಾಗಭೂಷಣನೇ ಬುಟ್ಟಿ ಹಿಡಿದಿದ್ದ. ಹುಳದ ಮನೆಗೆ ಇನ್ನೊಂದು ಕಿಟಕಿ ಇಡಿಸಬೇಕೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ದೇವೀರಮ್ಮ, ಚಲುವಾಜಮ್ಮ ಕಟ್ಟೆಯ ಮೇಲೆ ಕೂತಿದ್ದರು. ತಲೆಯ ಮೇಲೆ ನೀಲಿ ದೀಪ ಉರಿಯುತ್ತಿತ್ತು.

“ಅಲ್ಲ ದೇವೀರಮ್ಮ,” ಎಂದರು ಕ್ಷೌರದಂಗಡಿಯವರು ಕಜ್ಜಾಯ ಮುರಿಯುತ್ತ. “ಅವತ್ತು ಕುರಿಗುಡ್ಡದ ತುದೀವರ್ಗೂ ನೆಟ್‌ವರ್ಕು ಬಂದಿತ್ತಂತೆ. ಕುರಿ ಕಾಯೋರ ಫೋನೆಲ್ಲ ಒಂದೇ ಸಲ ಕೂಗ್ದವಂತೆ, ಕುರಿ ಬೆದರಿ ಓಡಿದ್ವಂತೆ. ಅಂಥದ್ದೇನು ಮಾತಾಡಿದ್ರಿ ನೀವು ಮೂರು ಜನ?”

ಕಟ್ಟೆಯ ಸುತ್ತ ಎಲ್ಲರೂ ತಿರುಗಿದರು. ದೇವೀರಮ್ಮನ ಕಣ್ಣು ಹೊಳೆಯಿತು. ಅವರ ಜೀವಮಾನದಲ್ಲಿ ಅಂಥ ಸುದ್ದಿ ಮತ್ತೊಂದು ಸಿಕ್ಕುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಯಿ ತೆರೆದರು. ಚಲುವಾಜಮ್ಮ ಮೊಣಕೈಯಲ್ಲಿ ತಿವಿದು, “ಹೇಳೇ ಅತ್ಗೆ,” ಎಂದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡಿದೆ, ಆಮೇಲೆ ತಡೆಯಲಾರದೆ ಅವರನ್ನು ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು, ಬಹಳ ಹೊತ್ತು, ರುಚಿಯಾದುದನ್ನು ಬಾಯಲ್ಲೇ ಇಟ್ಟುಕೊಂಡು ನುಂಗಲು ಮನಸ್ಸಿಲ್ಲದವರ ಹಾಗೆ.

“ಅಂಥದ್ದೇನಿಲ್ಲ,” ಎಂದರು ಕೊನೆಗೆ. “ಬಿಸಿಲು ಜಾಸ್ತಿ ಆಯ್ತು, ಮಳೆ ಬಂದ್ರೆ ಚೆನ್ನಾಗಿರ್ತದೆ ಅಂತ ಮಾತಾಡಿದ್ವಿ.”

ಮೇಲೆ ದೀಪ ಹಳದಿಗೆ ತಿರುಗಿ, ಆರಿಹೋಯಿತು. ಇಡೀ ಕಟ್ಟೆ ತಲೆಯೆತ್ತಿ ಅದನ್ನು ನೋಡಿತು, ಆಮೇಲೆ ದೇವೀರಮ್ಮನನ್ನು ನೋಡಿತು. ಅವರು ಯಾರ ಕಡೆಗೂ ನೋಡದೆ ಎಲೆಯೊಂದನ್ನು ಆರಿಸಿ, ತೊಟ್ಟು ಮುರಿದು, ಸುಣ್ಣ ಹಚ್ಚಿ, ಮಡಿಚಿ ಬಾಯೊಳಗಿಟ್ಟುಕೊಂಡು, ತುಟಿ ಬಿಗಿದರು.